ಓದುಗರ ಪ್ರಶ್ನೆ: ಹಗ್ಗ ಹುಡುಕುವ ಮೊದಲು ಗ್ಲೂಕೋಮೀಟರ್ ಹುಡುಕಿ

ಮಾನಸಿಕ ಕಾಯಿಲೆಯವರನ್ನು ಆ್ಯಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸಾಗಿಸುವ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಉತ್ತರಿಸಿದವರು ಆ್ಯಂಬುಲೆನ್ಸ್‌ನಲ್ಲೂ ಮನೋರೋಗ ವಾರ್ಡಿನಲ್ಲೂ ಕೆಲಸ ಬಲ್ಲ ನರ್ಸ್‌ಗಳು. ಔಷಧಗಳ ಪ್ರಮಾಣ ಕೊಟ್ಟಿರುವುದು ಆ ಕೆಲಸದಲ್ಲಿರುವವರಿಗಾಗಿ. ಮನೆಯಲ್ಲಿ ಪ್ರಯೋಗ ಮಾಡಲು ಅಲ್ಲ.

ಪ್ರಶ್ನೆ: ನಮ್ಮ ಹೋಟೆಲಿನ ಅಡುಗೆಯವರಿಗೆ ನಲವತ್ತೆಂಟು ವರ್ಷ. ಈವರೆಗೆ ತಲೆಯ ತೊಂದರೆ ಏನೂ ಇರಲಿಲ್ಲ. ಮೈ ಸರಿಯಿಲ್ಲವೆಂದು ಎರಡು ದಿನ ರೂಮಿನಲ್ಲೇ ಮಲಗಿದ್ದರು. ಮೂರನೆಯ ರಾತ್ರಿ ಗೋಡೆ ತುಂಬ ಹುಳ ಹರಿಯುತ್ತಿವೆ ಎಂದು ಕೂಗಾಡಿ, ಗಾಳಿಯಲ್ಲಿ ಏನನ್ನೋ ಹಿಡಿಯತೊಡಗಿದರು. ಹುಡುಗರು ಪಂಚೆಯಿಂದ ಕೈಕಾಲು ಕಟ್ಟಿ ಕೂರಿಸಿದರು. ಥಾಣೆಯ ಮನೋರೋಗ ಆಸ್ಪತ್ರೆಗೆ ಹಾಕಿ ಎಂದು ಕೆಲವರು, ರಾತ್ರಿ ಬಸ್ಸಿಗೆ ಊರಿಗೆ ಕಳಿಸಿ ಎಂದು ಕೆಲವರು. ಯಾವುದು ಸರಿ? (ಹೋಟೆಲ್ ಮಾಲೀಕರು, ಭಾಂಡುಪ್)

ಉತ್ತರ: ಎರಡೂ ಅಲ್ಲ. ಇಂಥವರು ಮೊದಲು ಹೋಗಬೇಕಾದ್ದು ಸಾಮಾನ್ಯ ಆಸ್ಪತ್ರೆಯ ಕ್ಯಾಶುವಲ್ಟಿಗೆ. ನಿಮ್ಮ ಪತ್ರದಲ್ಲೇ ಸುಳಿವುಗಳಿವೆ. ನಲವತ್ತು ದಾಟಿದವರಲ್ಲಿ ಹಿಂದೆ ಏನೂ ಇಲ್ಲದೆ ಒಂದೇ ರಾತ್ರಿಯಲ್ಲಿ ಶುರುವಾದದ್ದು. ಕಿವಿಗೆ ದನಿ ಕೇಳುವುದರ ಬದಲು ಕಣ್ಣಿಗೆ ಹುಳ ಕಾಣುವುದು. ಅದಕ್ಕೆ ಮೊದಲು ಮೈ ಸರಿಯಿಲ್ಲದೆ ಮಲಗಿದ್ದು. ಈ ಮೂರೂ ಕೂಡಿದಾಗ ಕಾಯಿಲೆ ಮನಸ್ಸಿನದಲ್ಲ, ಮೈಯದು ಎಂದೇ ಹಿಡಿದು ಹೊರಡಬೇಕು.

ಮೊದಲ ಅನುಮಾನ ಕುಡಿತ ನಿಂತದ್ದರ ಮೇಲೆ. ದಿನಾ ಕುಡಿಯುವವರು ಜ್ವರದಿಂದಲೋ ದುಡ್ಡಿಲ್ಲದೆಯೋ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈನಡುಕ, ಬೆವರು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಹುಳ ಕಾಣುವುದು, ಎಲ್ಲಿದ್ದೇನೆಂದು ಗೊತ್ತಾಗದಿರುವುದು, ನಾಡಿ ಜ್ವರ ಏರುವುದು. ಡಾಕ್ಟರರು ಡೆಲಿರಿಯಮ್ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು. ಇಂಥವರನ್ನು ಊರ ಬಸ್ಸಿಗೆ ಹತ್ತಿಸಿದರೆ ನಡುರಾತ್ರಿ ಹೆದ್ದಾರಿಯಲ್ಲಿ ಫಿಟ್ಸ್ ಬಂದಾಗ ಕಂಡಕ್ಟರ್ ಏನು ಮಾಡಬೇಕು?

ಅವರು ಕುಡಿಯುವವರೇ ಅಲ್ಲದಿದ್ದರೂ ಪಟ್ಟಿ ಮುಗಿಯುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಮೆದುಳಿಗೇರಿದ ಮಲೇರಿಯಾ ಹೀಗೇ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟವರು ಹೀಗೇ ಬೈದಾಡುತ್ತಾರೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಸಾಕು. ಜಾರಿ ಬಿದ್ದು ತಲೆಗೆ ಪೆಟ್ಟಾದದ್ದನ್ನು ಯಾರೂ ನೋಡಿರುವುದಿಲ್ಲ.

ಆ್ಯಂಬುಲೆನ್ಸ್ ನರ್ಸ್ ಬಂದವರೇ ಮಾಡುವುದು ಇಷ್ಟು. ಬೆರಳು ಚುಚ್ಚಿ ಶುಗರ್, ಬೆರಳಿಗೆ ಆಕ್ಸಿಮೀಟರ್, ಕಂಕುಳಿಗೆ ಥರ್ಮಾಮೀಟರ್, ನಾಡಿ, ಬಿಪಿ, ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ, ಕೂದಲೊಳಗೆ ಕೈಯಾಡಿಸಿ ಗಾಯ ಉಂಟೇ ಎಂದು. ಆಮೇಲೆ 'ಇವತ್ತು ಯಾವ ವಾರ, ಇದು ಯಾವ ಜಾಗ' ಎಂದು ಎರಡು ಪ್ರಶ್ನೆ. ಮನೋರೋಗಿಗೆ ದನಿಗಳು ಕೇಳುತ್ತಿದ್ದರೂ ವಾರ, ಜಾಗ ಸಾಮಾನ್ಯವಾಗಿ ಗೊತ್ತಿರುತ್ತದೆ. ಅದೇ ತಪ್ಪಿದ್ದರೆ, ಅದೂ ಗಳಿಗೆಗೊಂದು ಥರ ಇದ್ದರೆ, ಮೈಯಲ್ಲೇ ಏನೋ ಕೆಟ್ಟಿದೆ. ಶುಗರ್ 70ಕ್ಕಿಂತ ಕೆಳಗಿದ್ದು ನುಂಗಲು ಬಂದರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡುತ್ತಾರೆ. ನುಂಗಲಾಗದಿದ್ದರೆ ರಕ್ತನಾಳಕ್ಕೆ ಗ್ಲೂಕೋಸ್, ಅಂದರೆ 25 ಶೇಕಡಾ ಡೆಕ್ಸ್‌ಟ್ರೋಸ್ 100 ಮಿಲಿ. ಕುಡಿತದವರಿಗೆ ಅದರ ಜೊತೆಗೆ ಥಯಾಮಿನ್ (ಬಿ1 ವಿಟಮಿನ್) 100 ಮಿಗ್ರಾಂ ಹೋಗಬೇಕು. ಥಯಾಮಿನ್ ಕೈಗೆ ಸಿಗಲಿಲ್ಲವೆಂದು ಗ್ಲೂಕೋಸ್ ತಡೆಯಬಾರದು.

ಪಂಚೆಯ ಗಂಟು ಈಗಲೇ ಬಿಚ್ಚಿಸಿ. ಒದ್ದಾಡಿದಷ್ಟೂ ಬಿಗಿಯುವ ಗಂಟು ಅದು; ಅಂಗೈ ಊದಿ ನೀಲಿಯಾಗಲು ಹೆಚ್ಚು ಹೊತ್ತು ಬೇಡ. ದೀಪ ಉರಿಯಲಿ, ಪರಿಚಯದ ಒಬ್ಬರೇ ಹತ್ತಿರ ಕುಳಿತಿರಲಿ, ಉಳಿದ ಹುಡುಗರು ಹೊರಗಿರಲಿ.

ಪ್ರಶ್ನೆ: ತಮ್ಮನಿಗೆ ಬಹಳ ವರ್ಷಗಳಿಂದ ಸ್ಕಿಝೋಫ್ರೇನಿಯಾ. ಮಾತ್ರೆ ಬಿಟ್ಟು ಮೂರು ವಾರ. ರಾತ್ರಿ ನಿದ್ದೆಯಿಲ್ಲ, ಚಾಕು ದಿಂಬಿನಡಿ ಇಟ್ಟುಕೊಳ್ಳುತ್ತಾನೆ. ಆ್ಯಂಬುಲೆನ್ಸ್‌ಗೆ ಫೋನ್ ಮಾಡಿದರೆ ಮೆಂಟಲ್ ಕೇಸಿಗೆ ಬರುವುದಿಲ್ಲ ಎಂದರು. ಹಾಗೆ ಹೇಳಬಹುದೇ? (ಓದುಗರು, ಡೊಂಬಿವಲಿ)

ಉತ್ತರ: ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮೈಯ ಕಾಯಿಲೆಯವರಿಗೆ ಸಿಗುವಂಥದೇ ಆ್ಯಂಬುಲೆನ್ಸ್ ಸೇವೆ, ಅದೇ ಗುಣಮಟ್ಟದಲ್ಲಿ ಮಾನಸಿಕ ಕಾಯಿಲೆಯವರಿಗೂ ಸಿಗಬೇಕೆಂದು ಅದರ 21ನೇ ಕಲಂ ಹೇಳುತ್ತದೆ. 94ನೇ ಕಲಂ ತುರ್ತು ಚಿಕಿತ್ಸೆಯದು. ಜೀವಕ್ಕೆ ಅಪಾಯವಿದ್ದಾಗ, ತನಗೋ ಇತರರಿಗೋ ದೊಡ್ಡ ಹಾನಿ ಮಾಡಿಕೊಳ್ಳುವ ಹಾಗಿದ್ದಾಗ ಯಾವುದೇ ನೋಂದಾಯಿತ ಡಾಕ್ಟರು ಮನೆಯಲ್ಲೇ ಚಿಕಿತ್ಸೆ ಶುರು ಮಾಡಬಹುದು. ಹತ್ತಿರದ ಮನೋರೋಗ ಆಸ್ಪತ್ರೆಗೆ ಸಾಗಿಸುವುದೂ ಆ ಚಿಕಿತ್ಸೆಯ ಭಾಗವೇ. ಮಿತಿ 72 ಗಂಟೆ. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ತನ್ನ ಪರವಾಗಿ ನಿಲ್ಲಲು ಕಾಯಿಲೆಯವರೇ ಬರೆದುಕೊಟ್ಟವರು, ಇದ್ದರೆ ಅವರ ಒಪ್ಪಿಗೆ ಬೇಕು. ನಿಮ್ಮ ತಮ್ಮ ಯಾರನ್ನೂ ಬರೆದುಕೊಟ್ಟಿಲ್ಲವಾದರೆ ಸಂಬಂಧಿಯಾಗಿ ನೀವೇ ಆ ಜಾಗದಲ್ಲಿ ನಿಲ್ಲಬಹುದು.

ಆದರೆ ಕಾನೂನು ಓದಿ ಹೇಳಿದರೆ ಫೋನಿನ ಆ ತುದಿಯವರು ಗಾಡಿ ಕಳಿಸುವುದಿಲ್ಲ, ವಿವರ ಕೊಟ್ಟರೆ ಕಳಿಸುತ್ತಾರೆ. 'ಹುಚ್ಚು ಜಾಸ್ತಿಯಾಗಿದೆ, ಬೇಗ ಬನ್ನಿ' ಎನ್ನಬೇಡಿ. ಹೀಗೆ ಹೇಳಿ: ವಯಸ್ಸು ಇಷ್ಟು, ಸ್ಕಿಝೋಫ್ರೇನಿಯಾ ಇದೆ, ಮಾತ್ರೆ ಬಿಟ್ಟು ಮೂರು ವಾರ, ನಾಲ್ಕು ರಾತ್ರಿ ನಿದ್ದೆಯಿಲ್ಲ, ದಿಂಬಿನಡಿ ಚಾಕು ಇದೆ, ಈಗ ಒಳಗಿನ ಕೋಣೆಯಲ್ಲಿದ್ದಾನೆ, ಮನೆಯಲ್ಲಿ ಇಷ್ಟು ಜನ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಚಾಕುವಿನ ಮಾತನ್ನು ನಾಚಿಕೊಂಡು ಮುಚ್ಚಿಡುವವರೇ ಹೆಚ್ಚು. ಬಾಗಿಲು ದಾಟಿ ಒಳಗೆ ಕಾಲಿಡುವ ಸಿಸ್ಟರ್‌ಗೆ ಗೊತ್ತಿರಬೇಕಾದ ಮೊದಲ ಸಂಗತಿ ಅದೇ. ಆಯುಧವಿದ್ದಾಗ 112ಕ್ಕೂ ಹೇಳಿ. ಪೊಲೀಸರ ಕೆಲಸ ಜಾಗ ಸುರಕ್ಷಿತವಾಗಿಡುವುದು. ಕಾಯಿಲೆಯವರನ್ನು ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ. ಸಾಧ್ಯವಾದರೆ ಬಾಗಿಲಿನಿಂದ ಸ್ವಲ್ಪ ಆಚೆ ನಿಲ್ಲಲು ಕೇಳಿಕೊಳ್ಳಿ, ಖಾಕಿ ಕಂಡರೆ ಸಂಶಯದ ಕಾಯಿಲೆ ಕೆರಳುತ್ತದೆ. ಅದೇ ಕಾರಣಕ್ಕೆ ಗಲ್ಲಿಯ ತಿರುವಿನಲ್ಲೇ ಸೈರನ್ ನಿಲ್ಲಿಸಲು ಹೇಳಿ.

ಗಾಡಿ ಬರುವುದರೊಳಗೆ ಅಡುಗೆಮನೆಯ ಕತ್ತಿ, ಕೊಡಲಿ, ಬಾಟಲಿ ಎತ್ತಿಡಿ. ದಿಂಬಿನಡಿಯ ಚಾಕುವಿಗೆ ಮಾತ್ರ ಕೈ ಹಾಕಬೇಡಿ. ಮಹಾರಾಷ್ಟ್ರದ 108 ಗಾಡಿಯಲ್ಲಿ ಡಾಕ್ಟರೂ ಇರುತ್ತಾರೆ, ಅವರು ಬಂದ ಮೇಲೆ ಮಾತಾಡುವವರು ಒಬ್ಬರೇ ಇರಲಿ. ಅತ್ತ ಅಮ್ಮ ಅಳುತ್ತ, ಇತ್ತ ಭಾವ ಬೈಯುತ್ತ, ನಡುವೆ ಸೊಸೈಟಿಯ ಸೆಕ್ರೆಟರಿ ಬುದ್ಧಿ ಹೇಳುತ್ತ ನಿಂತರೆ ನರ್ಸಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಪ್ರಶ್ನೆ: ನಾನು ನರ್ಸಿಂಗ್ ಮುಗಿಸಿ ಖಾಸಗಿ ಆ್ಯಂಬುಲೆನ್ಸ್ ಸೇವೆಗೆ ಹೊಸದಾಗಿ ಸೇರಿದ್ದೇನೆ. ಉದ್ರೇಕಗೊಂಡ ಪೇಷಂಟನ್ನು ಸಾಗಿಸುವಾಗ ಕೈಕಾಲು ಆಡದಂತೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು ಹೇಗೆ? ಜೊತೆಯವರು 'ಕವುಚಿ ಮಲಗಿಸಿ ಮೇಲೆ ಕೂತುಬಿಡು' ಎನ್ನುತ್ತಾರೆ. (ಓದುಗರು, ಪಿಂಪ್ರಿ-ಚಿಂಚವಡ)

ಉತ್ತರ: ಆ ಜೊತೆಯವರ ಮಾತು ಕೇಳಿದರೆ ಒಂದು ದಿನ ಪೇಷಂಟ್ ಗಾಡಿಯಲ್ಲೇ ಸಾಯುತ್ತಾರೆ. ಕವುಚಿ ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಿದರೆ ಎದೆ ಹಿಗ್ಗುವುದಿಲ್ಲ, ಹೊಟ್ಟೆ ಸ್ಟ್ರೆಚರಿಗೆ ಒತ್ತಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಇಳಿಯುವುದಿಲ್ಲ. ಒದ್ದಾಡುವ ಮೈಗೆ ಆಮ್ಲಜನಕ ಹೆಚ್ಚು ಬೇಕಾದ ಹೊತ್ತಿನಲ್ಲೇ ಉಸಿರು ಕಡಿಮೆಯಾಗುತ್ತದೆ. ಉಸಿರಿಗಾಗಿ ಕೊಸರಾಡುವುದನ್ನು ಹಟವೆಂದು ತಿಳಿದು ಇನ್ನಷ್ಟು ಒತ್ತುತ್ತಾರೆ. ಆಮೇಲೆ ಪೇಷಂಟ್ ಒಮ್ಮೆಲೇ ಸುಮ್ಮನಾಗುತ್ತಾರೆ. 'ಅಬ್ಬ, ಶಾಂತವಾದರು' ಎಂದುಕೊಳ್ಳುವ ಆ ಕ್ಷಣದಲ್ಲೇ ಉಸಿರು ನೋಡಬೇಕು.

ಪಟ್ಟಿ ಎಂದರೆ ಕೊನೆಯ ದಾರಿ. ಮೇಲೆ ಹೇಳಿದ 2017ರ ಕಾಯ್ದೆಯ 97ನೇ ಕಲಂ ಪ್ರಕಾರ ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ಯಾವ ಉಪಾಯವೂ ಇಲ್ಲದಿದ್ದಾಗ ಮಾತ್ರ, ಅಗತ್ಯ ಇರುವಷ್ಟು ಹೊತ್ತು ಮಾತ್ರ. ಶಿಕ್ಷೆಯಾಗಿ ಅಲ್ಲ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಅಲ್ಲ. ಸರಪಳಿಯನ್ನಂತೂ 95ನೇ ಕಲಂ ಪೂರಾ ನಿಷೇಧಿಸಿದೆ. ಕಟ್ಟಲೇಬೇಕಾಗಿ ಬಂದರೆ ಐದು ಜನ: ಕೈಕಾಲಿಗೆ ಒಬ್ಬೊಬ್ಬರು, ತಲೆಯ ಹತ್ತಿರ ಒಬ್ಬರು. ತಲೆಯ ಹತ್ತಿರದವರು ಮಾತಾಡುತ್ತಾರೆ, ಉಸಿರು ನೋಡುತ್ತಾರೆ, ಯಾರನ್ನೂ ಒತ್ತುವುದಿಲ್ಲ. ಅಂಗಾತ, ತಲೆದೆಸೆ 30 ಡಿಗ್ರಿ ಎತ್ತರಿಸಿ. ವಾಂತಿಯ ಲಕ್ಷಣವಿದ್ದರೆ ಮಗ್ಗುಲಿಗೆ. ಅಗಲವಾದ ಮೆತ್ತನೆಯ ಪಟ್ಟಿ, ಅದರೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ. ಎದೆಗೆ, ಕುತ್ತಿಗೆಗೆ ಬಿಗಿತ ಬೇಡವೇ ಬೇಡ. ಗಂಟನ್ನು ಸ್ಟ್ರೆಚರಿನ ಚೌಕಟ್ಟಿಗೆ ಹಾಕಿ, ಪಕ್ಕದ ಏರಿಳಿಯುವ ಕಂಬಿಗೆ ಹಾಕಿದರೆ ಕಂಬಿ ಇಳಿಸಿದ ಕೂಡಲೇ ಭುಜ ಎಳೆಯುತ್ತದೆ. 15 ನಿಮಿಷಕ್ಕೊಮ್ಮೆ ಮುಂಗೈ ನಾಡಿ, ಉಗುರಿನ ಬಣ್ಣ, ಬೆರಳು ಆಡುತ್ತದೆಯೇ ಎಂದು ನೋಡಿ ಸಮಯ ಸಮೇತ ಬರೆಯಿರಿ. ಯಾಕೆ ಕಟ್ಟಿದ್ದು, ಯಾರ ಆದೇಶ, ಎಷ್ಟು ಗಂಟೆಗೆ ಬಿಚ್ಚಿದ್ದು, ಎಲ್ಲ ಕಾಗದದ ಮೇಲಿರಬೇಕು.

ಇಂಜೆಕ್ಷನ್ ಡಾಕ್ಟರ ಆದೇಶದ ಮೇಲೆಯೇ. ಫೋನಿನ ಆದೇಶವಾದರೆ ಔಷಧದ ಹೆಸರು, ಪ್ರಮಾಣ, ಕೊಡುವ ಜಾಗ ಮೂರನ್ನೂ ನೀವು ತಿರುಗಿ ಹೇಳಿ, ಅವರು ಹೌದೆಂದ ಮೇಲೆ ಬರೆದುಕೊಳ್ಳಿ. ಉದ್ರೇಕ ಇಳಿಸಲು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜೋಡಿ ಹ್ಯಾಲೊಪೆರಿಡಾಲ್ 5ರಿಂದ 10 ಮಿಗ್ರಾಂ, ಅದರ ಜೊತೆ ಪ್ರೊಮೆಥಝೀನ್ 25ರಿಂದ 50 ಮಿಗ್ರಾಂ, ಸ್ನಾಯುವಿಗೆ. ವೆಲ್ಲೂರಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಜೋಡಿ ನಿದ್ದೆ ತರಿಸುವ ಔಷಧ ಲೊರಾಝೆಪಾಮ್‌ಗಿಂತ ಬೇಗ ಕೆಲಸ ಮಾಡಿತು. ಪ್ರೊಮೆಥಝೀನ್ ಬಿಟ್ಟು ಬರೀ ಹ್ಯಾಲೊಪೆರಿಡಾಲ್ ಕೊಟ್ಟರೆ ಕುತ್ತಿಗೆ ತಿರುಚಿಕೊಳ್ಳುವ ಸಂಭವ ಹೆಚ್ಚು. ವಯಸ್ಸಾದವರಿಗೆ, ಬಡಕಲು ಮೈಯವರಿಗೆ ಡಾಕ್ಟರರು ಪ್ರಮಾಣ ಇಳಿಸುತ್ತಾರೆ. ಲೊರಾಝೆಪಾಮ್ ಆಂಪೂಲ್ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಬೇಕಾದ್ದು. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಗಾಡಿಯ ಪೆಟ್ಟಿಗೆಯಲ್ಲಿ ಬಿದ್ದಿದ್ದ ಆಂಪೂಲ್ ನಂಬಬೇಡಿ. ಓಲಾಂಝಪಿನ್ ಇಂಜೆಕ್ಷನ್ ಕೊಟ್ಟವರಿಗೆ ಆ ಹೊತ್ತಿನಲ್ಲೇ ಲೊರಾಝೆಪಾಮ್ ಅಥವಾ ಮಿಡಝೋಲಾಮ್ ಚುಚ್ಚಬಾರದು, ಬಿಪಿ ಕುಸಿದು ಉಸಿರು ತಗ್ಗುತ್ತದೆ. ಕುಡಿದು ಬಂದವರಿಗೆ ಈ ಎಚ್ಚರ ಇನ್ನೂ ಹೆಚ್ಚು.

ಕೊಟ್ಟ ಮೇಲೆ ಮೊದಲ ಒಂದು ಗಂಟೆ ಕಣ್ಣು ಕದಲಿಸಬೇಡಿ. 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಉಷ್ಣತೆ, ಎಚ್ಚರ. ಉಸಿರನ್ನು ಹೊಟ್ಟೆಯ ಮೇಲೆ ಕಣ್ಣಿಟ್ಟು ಪೂರಾ ಒಂದು ನಿಮಿಷ ಎಣಿಸಿ. 10ಕ್ಕಿಂತ ಇಳಿದರೆ ಗಾಬರಿಯಾಗಬೇಕಾದ್ದೇ. ಆಕ್ಸಿಮೀಟರ್ ಇದೆಯಲ್ಲ ಎಂದು ಕೈಕಟ್ಟಿ ಕೂರಬೇಡಿ. ಮಾಸ್ಕ್ ಹಾಕಿ ಆಕ್ಸಿಜನ್ ಕೊಡುತ್ತಿದ್ದರೆ ಉಸಿರು ತಗ್ಗಿದ ಮೇಲೂ ಬಹಳ ಹೊತ್ತು ಅಂಕಿ 98 ತೋರಿಸುತ್ತಿರುತ್ತದೆ.

ಕೂರುವ ಜಾಗವೂ ಮುಖ್ಯ. ಉದ್ದದ ಬೆಂಚಿನಲ್ಲಿ ಪೇಷಂಟಿನ ಭುಜದ ಹತ್ತಿರ ಕೂತುಕೊಳ್ಳಿ. ಪೇಷಂಟಿಗೂ ಡ್ರೈವರ್ ಕಡೆಯ ಗೋಡೆಗೂ ನಡುವೆ ಸಿಕ್ಕಿಕೊಂಡರೆ ನಿಮಗೆ ಹೊರಗೆ ದಾರಿಯಿಲ್ಲ. ಕತ್ತರಿ, ಸಿಲಿಂಡರಿನ ಸ್ಪ್ಯಾನರ್, ಸಲೈನ್ ಕಂಬಿ ಕೈಗೆ ಸಿಗದಂತೆ ಒಳಗೆ ಹೋಗಬೇಕು. ಕುತ್ತಿಗೆಯ ಐಡಿ ಕಾರ್ಡಿನ ದಾರ ತೆಗೆದು ಜೇಬಿಗೆ ಹಾಕಿ, ದುಪಟ್ಟಾ ಸಿಕ್ಕಿಸಿ. ಪಕ್ಕದ ಜಾರುಬಾಗಿಲಿನ ಲಾಕ್ ಹೊರಡುವ ಮೊದಲು ಎಳೆದು ನೋಡಿ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗಲೇ ಜನ ಇಳಿದು ಓಡುವುದು.

ಪ್ರಶ್ನೆ: ಅಪ್ಪ ಆಸ್ಪತ್ರೆ ಎಂದರೆ ಗಾಡಿ ಹತ್ತುವುದಿಲ್ಲ. 'ಕೊಲ್ಲೂರಿಗೆ ಹೋಗೋಣ' ಎಂದು ಕರೆದುಕೊಂಡು ಹೋಗಬಹುದೇ? (ಓದುಗರು, ಮೀರಾ ರೋಡ್)

ಉತ್ತರ: ಮೊದಲ ಸಲ ಕೆಲಸ ಮಾಡುತ್ತದೆ. ಎರಡನೇ ಸಲ ನಿಜವಾಗಿ ಕೊಲ್ಲೂರಿಗೇ ಹೊರಟರೂ ಹತ್ತುವುದಿಲ್ಲ. ಕಾಯಿಲೆ 'ಎಲ್ಲರೂ ಸೇರಿ ಮೋಸ ಮಾಡುತ್ತಿದ್ದಾರೆ' ಎಂದು ಹೇಳುತ್ತಿರುವಾಗ ನೀವು ಮೋಸವನ್ನೇ ಮಾಡಿದರೆ ಅದಕ್ಕೆ ಸಾಕ್ಷಿ ಸಿಕ್ಕಂತಾಯಿತು. ಸುಳ್ಳು ಬಯಲಾಗುವುದು ಸಾಮಾನ್ಯವಾಗಿ ಗಾಡಿ ಗೇಟಿನೊಳಗೆ ತಿರುಗಿದಾಗ, ಆ ಹೊಡೆತ ತಿನ್ನುವುದು ಪಕ್ಕದಲ್ಲಿರುವ ನರ್ಸು. ಅರ್ಧ ಸತ್ಯ ಸಾಕು, ಸುಳ್ಳು ಬೇಡ: 'ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ಅಪ್ಪಾ, ಬಿಪಿನೂ ನೋಡಿಸೋಣ, ನಾನು ಜೊತೆಗೇ ಇರ್ತೇನೆ.' ನಿದ್ದೆಯ ತೊಂದರೆಯನ್ನು ಅವರೂ ಒಪ್ಪುತ್ತಾರೆ. ಆಯ್ಕೆ ಕೊಡಿ. ಹೋಗುವುದೋ ಬೇಡವೋ ಎಂದಲ್ಲ. ಚಪ್ಪಲಿ ಯಾವುದು, ಜೊತೆಗೆ ಮಗನೋ ಮಗಳೋ ಎಂದು. ಕೇಳುತ್ತಿರುವ ದನಿಗಳ ಬಗ್ಗೆ ವಾದವೂ ಬೇಡ, ಹೌದೆನ್ನುವುದೂ ಬೇಡ. 'ನನಗೆ ಕೇಳಿಸುತ್ತಿಲ್ಲ, ನಿಮಗೆ ಕೇಳಿ ಹೆದರಿಕೆಯಾಗಿದೆ ಅಂತ ಗೊತ್ತಾಗ್ತದೆ' ಎಂದರೆ ಮುಗಿಯಿತು.

ಪ್ರಶ್ನೆ: ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರನ್ನು ಬಾಂಬೋಳಿಯ ಮನೋರೋಗ ಆಸ್ಪತ್ರೆಗೆ ಕರೆದೊಯ್ದಾಗ 'ಪೇಷಂಟ್ ಮಾತಾಡುವುದಿಲ್ಲ' ಎಂದು ಬರೆಯುತ್ತಾರೆ. ಅವರಿಗೆ ಬರುವುದು ಕಲಬುರಗಿ ಕಡೆಯ ಕನ್ನಡ ಒಂದೇ. (ಓದುಗರು, ವಾಸ್ಕೊ)

ಉತ್ತರ: ಇದು ಚಿಕ್ಕ ವಿಷಯವಲ್ಲ. ಕೊಂಕಣಿ, ಹಿಂದಿ ಬಾರದೆ ಸುಮ್ಮನಿರುವುದಕ್ಕೂ ಕಾಯಿಲೆಯಿಂದ ಮಾತು ನಿಂತಿರುವುದಕ್ಕೂ ಚಿಕಿತ್ಸೆ ಬೇರೆ ಬೇರೆ. ಗಾಡಿಯಲ್ಲಿ ಕನ್ನಡ ಬಲ್ಲವರಿದ್ದರೆ ಬಾಂಬೋಳಿಯ ಮನೋರೋಗ ಸಂಸ್ಥೆಯ ಕಾಗದದಲ್ಲಿ 'ಕನ್ನಡದಲ್ಲಿ ಕೇಳಿದರೆ ಉತ್ತರಿಸುತ್ತಾರೆ' ಎಂಬ ಒಂದು ಸಾಲು ಬರೆಸಿ. ಕೇಳುವುದು ಅವರ ಮಾತಿನಲ್ಲೇ ಇರಲಿ: 'ನಿದ್ದಿ ಬರ್ತದೇನ್ರಿ? ಯಾರರ ಮಾತಾಡಿದಂಗ ಕೇಳಸ್ತದೇನ್ರಿ? ಜೀವಾ ಬ್ಯಾಡ ಅನಸ್ಯದೇನ್ರಿ?' ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ಬೇಡ, ನೇರವಾಗಿಯೇ ಕೇಳಬೇಕು. ಮಗುವನ್ನು ದುಭಾಷಿ ಮಾಡಬೇಡಿ, ಮೇಸ್ತ್ರಿಯನ್ನೂ ಬೇಡ: ಕೂಲಿ ಬಾಕಿ ಇರುವಾಗ ಅವನೆದುರು ಯಾರೂ ಬಾಯಿ ಬಿಡುವುದಿಲ್ಲ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು.

ಪ್ರಶ್ನೆ: ಅಕ್ಕ ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುತ್ತಾಳೆ. ಎರಡು ದಿನ ವಾಂತಿಭೇದಿ. ಈಗ ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ. ಮನಸ್ಸಿನ ಕಾಯಿಲೆ ತಿರುಗಿ ಬಂತೆಂದು ಮನೆಯವರು. (ಓದುಗರು, ಮಾಟುಂಗ)

ಉತ್ತರ: ತಿರುಗಿ ಬಂದದ್ದಲ್ಲ, ಲಿಥಿಯಂ ರಕ್ತದಲ್ಲಿ ಏರಿರಬಹುದು. ಮೈಯ ನೀರು, ಉಪ್ಪು ಇಳಿದಾಗ ಮೂತ್ರಪಿಂಡ ಲಿಥಿಯಂ ಹೊರಗೆ ಬಿಡುವುದಿಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫಿನಾಕ್, ಐಬುಪ್ರೊಫೆನ್ ಕೂಡ ಹಾಗೇ ಮಾಡುತ್ತವೆ. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದ್ದು 1.5 ದಾಟಿದರೆ ವಿಷವಾಗತೊಡಗುತ್ತದೆ. ಮುಂದಿನ ಮಾತ್ರೆ ಕೊಡದೆ ಇವತ್ತೇ ಕ್ಯಾಶುವಲ್ಟಿಗೆ ಹೋಗಿ, ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದೆಂದು ಹೇಳಿ. ಆ ಗಂಟೆ ಗೊತ್ತಿಲ್ಲದೆ ರಕ್ತದ ಅಂಕಿಗೆ ಅರ್ಥವಿಲ್ಲ.

ಮನೋರೋಗದ ಔಷಧಗಳಿಂದಾಗುವ ಇನ್ನೆರಡು ತೊಂದರೆಗಳನ್ನೂ ಕಾಯಿಲೆಯೆಂದೇ ತಪ್ಪು ತಿಳಿಯುತ್ತಾರೆ. ಹೊಸ ಔಷಧ ಶುರುವಾದ ನಾಲ್ಕೈದು ದಿನದೊಳಗೆ ಕುತ್ತಿಗೆ ಒಂದೇ ಕಡೆ ತಿರುಚಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು: ಮೈಮೇಲೆ ಬಂದದ್ದಲ್ಲ, ಫಿಟ್ಸೂ ಅಲ್ಲ, ಪ್ರೊಮೆಥಝೀನ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ. ಮತ್ತೊಂದು, ಜೋರು ಜ್ವರದ ಜೊತೆ ಮೈ ಮರಗಟ್ಟಿ ಬೆವರುವುದು. ಇದು ಕಡಿಮೆ ಜನರಿಗೆ ಬರುವಂಥದು, ಆದರೆ ಐಸಿಯು ಇರುವ ಆಸ್ಪತ್ರೆಯೇ ಬೇಕು.

ಪ್ರಶ್ನೆ: ಪಕ್ಕದ ಮನೆಯ ಹುಡುಗಿ ಸಿಟ್ಟಿನಲ್ಲಿ ಇಲಿ ಪೇಸ್ಟ್ ತಿಂದಿದ್ದಾಳೆ. ಈಗ ಚೆನ್ನಾಗಿಯೇ ಇದ್ದಾಳೆ. ಪೊಲೀಸ್ ಕೇಸಾಗುತ್ತದೆಂದು ತಾಯಿ ಆಸ್ಪತ್ರೆಗೆ ಹೊರಡುತ್ತಿಲ್ಲ. (ಓದುಗರು, ಪನವೇಲ್)

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲಲ್ಲ, ಬಂದ ಕೂಡಲೇ ಫೋನಿನಲ್ಲಿ ಉತ್ತರ ಹೇಳಿದೆವು, ಇಲ್ಲಿ ಅಚ್ಚು ಹಾಕಿರುವುದು ಉಳಿದವರಿಗಾಗಿ. ಹಳದಿ ರಂಜಕವಿರುವ ಪೇಸ್ಟ್ ಮೊದಲ ದಿನ ಸ್ವಲ್ಪ ವಾಂತಿ ಮಾಡಿಸಿ, ಆಮೇಲೆ ಒಂದೆರಡು ದಿನ ಏನೂ ಆಗದಂತೆ ಸುಮ್ಮನಿದ್ದು, ಅನಂತರ ಯಕೃತ್ತನ್ನು ಕೆಡಿಸುತ್ತದೆ. ಚೆನ್ನಾಗಿ ಕಾಣುವ ಆ ಹೊತ್ತಿನಲ್ಲೇ ಆಸ್ಪತ್ರೆಯೊಳಗಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಟ್ಯೂಬ್ ಕಸಕ್ಕೆ ಹಾಕದೆ ಚೀಲದಲ್ಲಿ ತನ್ನಿ. ಕೇಸಿನ ಭಯಕ್ಕೆ ಉತ್ತರ ಕಾಯ್ದೆಯ 115ನೇ ಕಲಮಿನಲ್ಲಿದೆ: ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ದಾಖಲೆಗೆ; ಅವರು ಬಂದು ಹೇಳಿಕೆ ಬರೆದುಕೊಂಡು ಹೋಗುತ್ತಾರೆ.

ಪ್ರಶ್ನೆ: ರಾತ್ರಿ ನಾಲ್ಕು ಜನ ಗಟ್ಟಿಗರು ಗಾಡಿ ತಂದು ಪೇಷಂಟನ್ನು ಎತ್ತಿಕೊಂಡು ಹೋಗುವ 'ಪುನರ್ವಸತಿ ಕೇಂದ್ರ'ದ ಜಾಹೀರಾತು ನೋಡಿದೆವು. ನಂಬಬಹುದೇ? (ಓದುಗರು, ಥಾಣೆ)

ಉತ್ತರ: ಮೂರು ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಎಲ್ಲಿ? ಗಾಡಿಯಲ್ಲಿ ಡಾಕ್ಟರೋ ನರ್ಸೋ ಇದ್ದಾರೆಯೇ? ಸೇರಿಸುವ ಮೊದಲು ಪರೀಕ್ಷಿಸುವ ಮನೋವೈದ್ಯರು ಯಾರು? ಒಪ್ಪಿಗೆಯಿಲ್ಲದವರನ್ನು ಅದೇ ಕಾಯ್ದೆಯ 89ನೇ ಕಲಮಿನಡಿ ಸೇರಿಸಲು ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ವೈದ್ಯ ಅಥವಾ ಮಾನಸಿಕ ಆರೋಗ್ಯ ತಜ್ಞ ಬೇರೆ ಬೇರೆಯಾಗಿ ನೋಡಿರಬೇಕು, ಮಿತಿ 30 ದಿನ. 'ಕಾಗದವೆಲ್ಲ ಆಮೇಲೆ ನೋಡೋಣ, ಅಡ್ವಾನ್ಸ್ ಹಾಕಿ' ಎಂದರೆ ಫೋನಿಡಿ. ಅದೇ ಹೊತ್ತಿಗೆ ಥಾಣೆಯಲ್ಲೇ ಸರ್ಕಾರಿ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಇದೆ. ಮುಂಬಯಿಯ ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗಗಳಿವೆ. ಹೊರಡುವಾಗ ಹಳೆಯ ಫೈಲು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳು ಖಾಲಿಯಾಗಿದ್ದರೂ ಸರಿ, ಆಧಾರ್ ಕಾರ್ಡು, ಕನ್ನಡಕ, ಒಂದು ಬಾಟಲಿ ನೀರು ಚೀಲದಲ್ಲಿರಲಿ.